ಕಾಗದದ ಕ್ರಯ, ಕೈಯ ಕ್ರಯ

ಮುಂಡಪ್ಪ ರೈಗಳು ಮೂವತ್ತು ವರ್ಷ ಊರವರ ಮನೆಗಳಿಗೆ ಕ್ರಯಪತ್ರ ಬರೆದರು, ತಮ್ಮ ಹೆಸರಿಗೆ ಮಾತ್ರ ಒಂದು ಮನೆ ಬರೆದುಕೊಳ್ಳಲಿಲ್ಲ. ಹೀಗೆಂದರೆ ಕೇಳಿದವರು ಕೂಡಲೇ ಅವರನ್ನು ಸಂತ ಮಾಡಿಬಿಡುತ್ತಾರೆ. ನಮ್ಮವರಿಗೆ ಅದೊಂದು ಚಟ. ಅವರು ಸಂತರಲ್ಲ. ಪತ್ರ ಬರೆದು ಸಿಗುವ ಸಂಪಾದನೆಯಲ್ಲಿ ಮನೆ ಕೊಳ್ಳುವಷ್ಟು ಉಳಿಯಲಿಲ್ಲ, ಅಷ್ಟೆ. ಮಾಣಿಯಲ್ಲಿ ಹೆದ್ದಾರಿಯ ಪಕ್ಕದ ಒಂದು ಹಂಚಿನ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಹೆಂಡತಿ ನೀಲಾವತಿಯೊಂದಿಗೆ ಬಾಡಿಗೆಗಿದ್ದರು. ಹಿಂದಿನ ಭಾಗದಲ್ಲಿ ಮನೆಯ ಯಜಮಾನಿ ಅವ್ವಮ್ಮ ಒಬ್ಬರೇ ಇದ್ದರು. ಅವರ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. 1962ರಲ್ಲಿ ರೈಗಳು ಬಂದಾಗ ಬಾಡಿಗೆ ಇಪ್ಪತ್ತೈದು ರೂಪಾಯಿ. 1980ರಲ್ಲಿ ನಾನು ವಿಚಾರಿಸಿದಾಗಲೂ ಅದೇ ಇಪ್ಪತ್ತೈದು.

"ಏರಿಸ್ಬೇಕು ಅಂತ ಅವರಿಗೂ ಕಾಣ್ಲಿಲ್ಲ, ಏರಿಸಿ ಅಂತ ನಾನೂ ಹೇಳ್ಲಿಲ್ಲ. ಬರ್ಕೊಳ್ಳಿ ಮಾಷ್ಟ್ರೇ" ಎಂದಿದ್ದರು ರೈಗಳು.

ಬರೆದುಕೊಳ್ಳುವುದೇ ಆಗ ನನ್ನ ಕೆಲಸ. ಉಜಿರೆಯಲ್ಲಿ ಅರ್ಥಶಾಸ್ತ್ರ ಪಾಠ ಮಾಡಿಕೊಂಡಿದ್ದವನು ಡಾಕ್ಟರೇಟಿಗೆಂದು ಒಂದು ವಿಷಯ ಹಿಡಿದಿದ್ದೆ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಕಡೆ ಹತ್ತು ವರ್ಷಗಳಲ್ಲಿ ಮನೆಗಳ ಬೆಲೆ ಎಷ್ಟು ಏರಿತು, ಯಾಕೆ ಏರಿತು. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ನೀನು ಎರಡೂ ಮಾಡದೆ ಬೇರೆಯವರ ಮನೆ ಎಣಿಸ್ಲಿಕ್ಕೆ ಹೊರಟಿದ್ದೀ" ಎಂದು ನನ್ನ ಅಮ್ಮ ನಗಾಡುತ್ತಿದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ, ನೋಂದಣಿ ಕಚೇರಿಗಳಲ್ಲಿ ಕುಳಿತು, ಹಳೆಯ ಪತ್ರಗಳ ನಕಲುಗಳಿಂದ ಮನೆಗಳ ಕ್ರಯ ಎತ್ತಿಕೊಂಡೆ. ಒಂದು ವರ್ಷದ ದುಡಿಮೆಯ ಕೊನೆಗೆ ದೊಡ್ಡ ಹಾಳೆಯ ಮೇಲೆ ಗೆರೆ ಎಳೆದೆ. ಗೆರೆ 1975ರ ಕೊನೆಯಲ್ಲಿ ಜಿಗಿದು, 1976ರಲ್ಲಿ ತುದಿ ಮುಟ್ಟಿ, 1977ರಲ್ಲಿ ಧೊಪ್ಪೆಂದು ಬಿದ್ದಿತ್ತು. ಎರಡು ತಿಂಗಳು ತಲೆ ಕೆಡಿಸಿಕೊಂಡು ಅದಕ್ಕೊಂದು ಸಿದ್ಧಾಂತ ಕಟ್ಟಿದೆ. ಗಲ್ಫಿನ ಹಣ, ಭೂಮಸೂದೆ, ಬ್ಯಾಂಕಿನ ಬಡ್ಡಿ, ಎಲ್ಲವನ್ನೂ ಅದರೊಳಗೆ ತುರುಕಿದೆ. ನನ್ನ ಮಾರ್ಗದರ್ಶಕರು ಭೇಷ್ ಎಂದರು.

ಆ ಹಾಳೆಯನ್ನು ಮುಂಡಪ್ಪ ರೈಗಳಿಗೆ ತೋರಿಸಿದ್ದು ನನ್ನ ಗರ್ವಕ್ಕೆ. ಬಂಟ್ವಾಳದಲ್ಲಿ ನೋಂದಣಿ ಕಚೇರಿಯ ಎದುರಿನ ಜಗಲಿಯಲ್ಲಿ ಅವರ ಮೇಜು. ನೂರಾರು ನಕಲುಗಳಲ್ಲಿ ಅವರ ಅಕ್ಷರವನ್ನು ನೋಡಿ ನೋಡಿ, ಅದನ್ನು ಬರೆದ ಮನುಷ್ಯನನ್ನು ಕಾಣಬೇಕೆಂದು ಹೋಗಿದ್ದೆ. ಐವತ್ತು ದಾಟಿದ, ತೆಳ್ಳಗಿನ, ಬಿಳಿ ಅಂಗಿಯ ಕಿಸೆಯಲ್ಲಿ ಶಾಯಿಯ ಕಲೆಯಿದ್ದ ಮನುಷ್ಯ. ಹಾಳೆಯನ್ನು ದೂರ ಹಿಡಿದು ನೋಡಿದರು.

"ಇದು ಎಂತ, ಜ್ವರದ ಚಾರ್ಟಾ?"

ವಿವರಿಸಿದೆ. ಅವರು ಗಟ್ಟಿಯಾಗಿ ನಗುವವರಲ್ಲ. ಕನ್ನಡಕ ತೆಗೆದು ಒರೆಸಿದರು.

"ಮಾಷ್ಟ್ರೇ, ಎಪ್ಪತ್ತಾರರಲ್ಲಿ ಮನೆಯ ಕ್ರಯ ಏರಿದ್ದಲ್ಲ. ತುರ್ತು ಪರಿಸ್ಥಿತಿ ಅಲ್ವಾ, ಜನಕ್ಕೆ ಹೆದರಿಕೆ ಇತ್ತು. ಕೊಟ್ಟದ್ದಕ್ಕೆ ಹತ್ತಿರ ಹತ್ತಿರ ಬರೆಸಿದ್ರು. ಎಪ್ಪತ್ತೇಳರಲ್ಲಿ ಹೆದರಿಕೆ ಹೋಯ್ತು. ಪುನಃ ಮೂರಕ್ಕೊಂದು. ನೀವು ಗೆರೆ ಎಳೆದದ್ದು ಹೆದರಿಕೆಗೆ ಮಾರಾಯ್ರೇ, ಮನೆಗೆ ಅಲ್ಲ."

ಮೂರಕ್ಕೊಂದು ಎಂದರೆ, ಮೂವತ್ತು ಸಾವಿರ ಕೊಟ್ಟು ಕೊಂಡ ಮನೆಗೆ ಪತ್ರದಲ್ಲಿ ಹತ್ತು ಸಾವಿರ ಬರೆಯುವುದು. ಛಾಪಾ ಕಾಗದದ ಖರ್ಚು ಅಷ್ಟು ಉಳಿಯುತ್ತದೆ. ಕೊಂಡವನಿಗೂ ಮಾರಿದವನಿಗೂ ಒಪ್ಪಿಗೆಯಾದ ಸುಳ್ಳು. ಪತ್ರದಲ್ಲಿ ಬರೆದದ್ದು ಕಾಗದದ ಕ್ರಯ, ನಿಜವಾಗಿ ಕೊಟ್ಟದ್ದು ಕೈಯ ಕ್ರಯ. ದೇವಸ್ಥಾನದ ಮೊಕ್ತೇಸರರೂ ಮಸೀದಿಯ ಹಿರಿಯರೂ ಶಾಲೆಯ ಹೆಡ್ಮಾಷ್ಟ್ರೂ ಹಾಗೆಯೇ ಬರೆಸುತ್ತಿದ್ದರು, ಬರೆಸಿ ಮನೆಗೆ ಹೋಗಿ ಮಕ್ಕಳಿಗೆ ಸತ್ಯ ಹೇಳಬೇಕೆಂದು ಬುದ್ಧಿ ಹೇಳುತ್ತಿದ್ದರು. ಅರ್ಥಶಾಸ್ತ್ರದಲ್ಲಿ ಮೊದಲ ದರ್ಜೆ ಪಡೆದ ನನಗೆ ಮಾತ್ರ ಇದು ಗೊತ್ತಿರಲಿಲ್ಲ. ಹಾಳೆಯನ್ನು ಸುರುಳಿ ಸುತ್ತಿಕೊಂಡು ಬಸ್ಸು ಹತ್ತಿದೆ, ಮರುವಾರ ಖಾಲಿ ನೋಟ್ ಪುಸ್ತಕ ಹಿಡಿದು ವಾಪಸು ಬಂದೆ.

ಆಮೇಲೆ ಎರಡು ವರ್ಷ ಅವರೇ ನನ್ನ ಗುರು. ಭಾನುವಾರಗಳಲ್ಲಿ ಅವರನ್ನು ಬಸ್ಸಿನ ಕಿಟಕಿಯ ಪಕ್ಕ ಕೂರಿಸಿಕೊಂಡು ಮೂಡಬಿದಿರೆಗೆ, ಬೆಳುವಾಯಿಗೆ, ಬೆಳ್ತಂಗಡಿಗೆ ಹೋಗುತ್ತಿದ್ದೆ. ಅವರು ಮಾತಾಡುವುದು ತುಳುವಿನಲ್ಲಿ. ನನಗೆ ಹೇಳುವಾಗ ಮಾತ್ರ, ಪತ್ರ ಬರೆಸುವವರಂತೆ, ನಿಧಾನವಾಗಿ ಕನ್ನಡಕ್ಕೆ ಬರುತ್ತಿದ್ದರು. "ಆ ಹಂಚು ಹೊಸತಾದದ್ದು ಕಂಡಿತಾ, ಅದು ದುಬಾಯಿಯ ಇಬ್ರಾಹಿಂ ಖಲೀಲನದ್ದು. ಕೈಯಲ್ಲಿ ಎಂಬತ್ತೆರಡು, ಕಾಗದದಲ್ಲಿ ಇಪ್ಪತ್ತೇಳು." ಬೇರೆ ಪೇಟೆಗಳಲ್ಲಿ ಪತ್ರ ಬರೆಯುವವರೆಲ್ಲ ಅವರ ಪರಿಚಯದವರು, ಅವರಿಗೆ ಗೊತ್ತಿಲ್ಲದ್ದನ್ನು ಆ ಊರಿನ ಮೇಜಿನವರು ಹೇಳುತ್ತಿದ್ದರು. ರೈಗಳದ್ದು ಒಂದೇ ಕರಾರು: ಯಾರ ಹೆಸರೂ ಸರ್ವೆ ನಂಬರೂ ಎಲ್ಲಿಯೂ ಕಾಣಿಸಬಾರದು. ಮಾತು ಕೊಟ್ಟೆ. ನೋಟ್ ಪುಸ್ತಕದಲ್ಲಿ ಕಾಗದದ್ದೊಂದು, ಕೈಯದ್ದೊಂದು, ಹೀಗೆ ಎರಡು ಸಾಲುಗಳಲ್ಲಿ ಇನ್ನೂರ ಹನ್ನೆರಡು ಮನೆಗಳು ತುಂಬಿದವು.

ಅವರಿಗೂ ಒಂದು ಶಿಸ್ತು ಇತ್ತು. ಮನೆಯ ಸುತ್ತ ತಾವೇ ನಡೆದು ನೋಡದೆ ನಾಲ್ಕು ದಿಕ್ಕಿನ ಗಡಿ ಬರೆಯುತ್ತಿರಲಿಲ್ಲ. "ಕ್ರಯ ಎಷ್ಟಾದ್ರೂ ಬರೆಯುವ, ಅದು ನಿಮ್ಮ ನಿಮ್ಮೊಳಗಿನದ್ದು. ಗಡಿ ಸುಳ್ಳು ಬರೆದ್ರೆ ಮಕ್ಕಳ ಕಾಲಕ್ಕೆ ಕತ್ತಿ ಹೊರಡ್ತದೆ" ಎನ್ನುತ್ತಿದ್ದರು. ಕಚೇರಿಯ ಒಳಗೆ ಅಧಿಕಾರಿ, "ಪತ್ರದಲ್ಲಿ ಬರೆದ ಹಣ ಸರಿಯಾಗಿ ಸಂದಿದೆಯೇ?" ಎಂದು ಕೇಳುವಾಗ ಹಳ್ಳಿಯಿಂದ ಬಂದವರು ಗಾಬರಿಯಾಗುತ್ತಾರೆ. ಅಂಥವರ ಬೆನ್ನ ಹಿಂದೆ ರೈಗಳು ನಿಂತು, "ಹೌದು ಹೇಳಿ" ಎಂದು ಮೆಲ್ಲಗೆ ಹೇಳಿಕೊಡುತ್ತಿದ್ದರು. ಆಗಲೂ ಬಾಯಿ ಬಿಡದಿದ್ದರೆ ತಾವೇ, "ಹೌದು, ಸರಿ ಉಂಟು" ಎನ್ನುತ್ತಿದ್ದರು. ದಿನಕ್ಕೆ ಮೂರು ನಾಲ್ಕು ಸಲ, ಮೂವತ್ತು ವರ್ಷ. ಮನೆಯಲ್ಲಿ ನೀಲಾವತಿ, "ಗಂಜಿಗೆ ಉಪ್ಪು ಸರಿ ಉಂಟಾ?" ಎಂದು ಕೇಳಿದರೆ, ಬಾಯಿಗೆ ಇಡುವ ಮೊದಲೇ, "ಹೌದು, ಸರಿ ಉಂಟು" ಎನ್ನುತ್ತಾರೆಂದು ಆಕೆಯೇ ನನ್ನೆದುರು ದೂರಿದ್ದರು. ಅವತ್ತು ನಾವೆಲ್ಲ ನಕ್ಕಿದ್ದೆವು. ಬಾವಿಕಟ್ಟೆಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದ ಅವ್ವಮ್ಮನೂ ನಕ್ಕಿದ್ದರು. ಅವರ ಎರಡೂ ಕಿವಿಗಳ ತುಂಬ ಸಾಲಾಗಿ ಚಿನ್ನದ ಅಲಿಕತ್ತು, ನಕ್ಕಾಗ ಅಲ್ಲಾಡುತ್ತಿತ್ತು.

"ಮಾಷ್ಟ್ರೇ, ಊರಿನ ಮನೆಗೆಲ್ಲ ಕ್ರಯ ಕಟ್ತೀರಿ. ನಮ್ಮ ಈ ಮನೆಗೆ ಎಷ್ಟು ಆದೀತು?" ಎಂದು ಅವರು ಅವತ್ತೇ ಕೇಳಿದ್ದು.

ಆರು ಸೆಂಟ್ಸು ಜಾಗ, ಬಾವಿ, ಹೆದ್ದಾರಿಯ ಬದಿ. ನಾನು ಅಲ್ಲೇ ನಿಂತು ಹೇಳಿದೆ: "ನಲವತ್ತು ಸಾವಿರಕ್ಕೆ ಒಂದು ರೂಪಾಯಿ ಕಮ್ಮಿ ಇಲ್ಲ."

"ಅಲ್ಲಾ! ಮಾರ್ಲಿಕ್ಕೆ ಉಂಟಾ ಅದು? ಸುಮ್ಮನೆ ಕೇಳಿದ್ದು."

1981ರಲ್ಲಿ ಮಾಣಿಯ ತಿರುವನ್ನು ನೇರ ಮಾಡಲು ಸರಕಾರ ಜಾಗ ವಶಪಡಿಸಿಕೊಳ್ಳುತ್ತದೆಂದು ನೋಟೀಸು ಬಂತು. ಅವ್ವಮ್ಮನ ಆರು ಸೆಂಟ್ಸು ಪೂರ್ತಿ ಹೋಗುತ್ತಿತ್ತು. ಅವರು ಗಾಬರಿಯಾಗಲಿಲ್ಲ. ಮಾಷ್ಟ್ರು ನಲವತ್ತು ಹೇಳಿದ್ದಾರಲ್ಲ, ಸರಕಾರ ಎಷ್ಟು ಚೌಕಾಸಿ ಮಾಡಿದರೂ ಮೂವತ್ತು ಕೊಟ್ಟೀತು, ಇನ್ನೊಂದು ಸಣ್ಣ ಮನೆ ಕೊಳ್ಳುವ ಎಂದುಕೊಂಡರು. ಬೇಕಾದದ್ದು ಅಷ್ಟೇ. ಸಾಯುವವರೆಗೆ ಇನ್ನೊಬ್ಬರ ಜಗಲಿಯಲ್ಲಿ ಮಲಗಬಾರದು.

ಪರಿಹಾರದ ಆದೇಶ ಬಂದದ್ದು ಮರುವರ್ಷ: ಹತ್ತು ಸಾವಿರದ ಎಂಟು ನೂರು. ಓದಿ ಹೇಳಿದವರು ರೈಗಳೇ. ಊರಿನ ಎಲ್ಲ ಸರಕಾರಿ ಕಾಗದಗಳನ್ನೂ ಓದಿ ಹೇಳುವವರು ಅವರೇ ತಾನೆ. ಆ ಬೆಲೆ ಎಲ್ಲಿಂದ ಬಂತು ಎಂಬುದೂ ಆದೇಶದಲ್ಲಿತ್ತು. ಮಾಣಿಯಲ್ಲಿ ಹೆದ್ದಾರಿ ಬದಿಯಲ್ಲಿ ಇತ್ತೀಚೆಗೆ ನಡೆದ ಐದು ಮಾರಾಟಗಳ ಕ್ರಯಪತ್ರಗಳನ್ನು ತೆಗೆದು, ಅವುಗಳಲ್ಲಿ ಬರೆದ ಕ್ರಯವನ್ನು ಸರಾಸರಿ ಹಾಕಿದ್ದರು. ಕಾನೂನಿನ ಪ್ರಕಾರ ಅದೇ ದಾರಿ, ಅಧಿಕಾರಿಯನ್ನು ಬೈದು ಪ್ರಯೋಜನವಿಲ್ಲ. ಐದರಲ್ಲಿ ಒಂದೂ ಅವ್ವಮ್ಮನದ್ದಲ್ಲ. ಅವರು ಜೀವಮಾನದಲ್ಲಿ ಏನನ್ನೂ ಮಾರಿದವರಲ್ಲ, ಕೊಂಡವರಲ್ಲ, ಒಂದು ಪೈಸೆಯ ಸುಳ್ಳು ಬರೆಸಿದವರಲ್ಲ.

"ಐದೂ ನನ್ನದೇ ಅಕ್ಷರ ಮಾಷ್ಟ್ರೇ" ಎಂದರು ರೈಗಳು. ಮಳೆ ಬಂತು, ಬಸ್ಸು ತಡ ಎನ್ನುವ ಹಾಗೆ ಹೇಳಿದರು.

ಕೋರ್ಟಿಗೆ ಹೋಗಬಹುದು, ಅವ್ವಮ್ಮ ಹೋದರು. ತಕರಾರು ಅರ್ಜಿಯನ್ನು ರೈಗಳೇ ಬರೆದರು, ದುಡ್ಡು ತೆಗೆದುಕೊಳ್ಳಲಿಲ್ಲ. ಅವ್ವಮ್ಮನ ಕಡೆಯ ಚಿಕ್ಕ ಪ್ರಾಯದ ವಕೀಲರು ಅರ್ಜಿ ಓದಿ ಹೇಳಿದ್ದು ಒಂದೇ ಮಾತು: ಆ ಐದು ಪತ್ರಗಳ ಕ್ರಯ ನಿಜವಲ್ಲ ಎಂದು ಪ್ರಮಾಣ ಮಾಡಿ ಹೇಳುವವರು ಬೇಕು. ಕೊಂಡವರು ಹೇಳುವುದಿಲ್ಲ, ಹೇಳಿದರೆ ಅವರಿಗೇ ದಂಡ. ಮಾರಿದವರೂ ಹೇಳುವುದಿಲ್ಲ.

"ನಾನು ಹೇಳ್ತೇನೆ" ಎಂದರು ರೈಗಳು.

ಹೇಳಿದರೆ ಅವರ ಪರವಾನಗಿ ಹೋಗುತ್ತಿತ್ತು. ಮೂವತ್ತು ವರ್ಷ ನಂಬಿ ಬಂದ ಜನ ಮೇಜಿನ ಹತ್ತಿರ ಸುಳಿಯುತ್ತಿರಲಿಲ್ಲ. ನೀಲಾವತಿಗೆ ಇದು ಗೊತ್ತಿತ್ತು. "ಹೇಳಿ. ಬೆಳುವಾಯಿಯಲ್ಲಿ ನನ್ನ ಅಣ್ಣ ಉಂಟು, ಗದ್ದೆ ಉಂಟು. ಉಪವಾಸ ಸಾಯುವುದಿಲ್ಲ" ಎಂದಿದ್ದರು. ವಕೀಲರು ನನ್ನನ್ನೂ ಕೇಳಿದರು. ಐದರಲ್ಲಿ ಮೂರು ಮನೆಗಳು ನನ್ನ ನೋಟ್ ಪುಸ್ತಕದಲ್ಲಿ ಎರಡೂ ಕ್ರಯಗಳ ಸಮೇತ ಇದ್ದವು. ನಾನು ಮಾತು ಕೊಟ್ಟಿದ್ದೇನೆ, ಸಂಶೋಧನೆಗೆ ಒಂದು ನೀತಿ ಇದೆ ಎಂದೆ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ. ನಿಜ ಏನೆಂದರೆ, ಆ ಪುಸ್ತಕ ಕೋರ್ಟಿನವರ ಕೈಗೆ ಹೋದರೆ ನನ್ನ ಪ್ರಬಂಧ ಹೋಗುತ್ತದೆಂದು ನನಗೆ ಭಯವಿತ್ತು. ರೈಗಳೇ ನನ್ನನ್ನು ಪಾರು ಮಾಡಿದರು: "ನಾನೇ ಹೇಳುವಾಗ ನಿಮ್ಮ ಪುಸ್ತಕ ಎಂತಕ್ಕೆ? ಚೀಲದಲ್ಲೇ ಇರ್ಲಿ."

1984ರ ಆ ದಿನ ನಾನು ಕೋರ್ಟಿನ ಮೂರನೇ ಬೆಂಚಿನಲ್ಲಿದ್ದೆ, ಪುಸ್ತಕ ಚೀಲದಲ್ಲಿತ್ತು. ಅವ್ವಮ್ಮ ನನ್ನ ಮುಂದಿನ ಬೆಂಚಿನ ತುದಿಯಲ್ಲಿ ತಲೆಗೆ ಬಟ್ಟೆ ಹೊದ್ದು ಕುಳಿತಿದ್ದರು. ರೈಗಳು ಪ್ರಮಾಣ ಮಾಡಿದರು. ವಕೀಲರು ಮೊದಲನೆಯ ಪತ್ರವನ್ನು ಅವರ ಕೈಗೆ ಕೊಡಿಸಿದರು.

"ಇದು ನಿಮ್ಮ ಅಕ್ಷರವೇ?"

"ಹೌದು."

"ಪತ್ರದಲ್ಲಿ ಬರೆದ ಹಣ ನಿಜವಾಗಿ ಸಂದದ್ದೇ?"

"ಹೌದು, ಸರಿ ಉಂಟು."

ವಕೀಲರು ತಲೆ ಎತ್ತಿ ನೋಡಿದರು. ಸಾಕ್ಷಿಗೆ ಪ್ರಶ್ನೆ ಅರ್ಥವಾಗಲಿಲ್ಲವೇನೋ ಎಂದು ಇನ್ನೊಮ್ಮೆ, ಬಿಡಿಸಿ ಕೇಳಿದರು. ರೈಗಳ ಕಣ್ಣು ಪತ್ರದ ಮೇಲೇ ಇತ್ತು. "ಸರಿ ಉಂಟು" ಎಂದರು. ಎರಡನೆಯ ಪತ್ರ ಕೊಟ್ಟರು. ಸರಿ ಉಂಟು. ಮೂರನೆಯದು ಇಬ್ರಾಹಿಂ ಖಲೀಲನ ತಮ್ಮ ಕೊಂಡ ಮನೆ, ಅದರ ಕೈಯ ಕ್ರಯವನ್ನು ರೈಗಳು ನನಗೆ ಬಸ್ಸಿನ ಕಿಟಕಿಯಿಂದ ಬೆರಳು ಮಾಡಿ ಹೇಳಿದ್ದರು. ಸರಿ ಉಂಟು. ನಾಲ್ಕು. ಐದು. ಸರಕಾರದ ವಕೀಲರು ಕೇಳುವುದೇನೂ ಇಲ್ಲ ಎಂದು ಕುಳಿತೇ ಹೇಳಿದರು. ನಾನು ಏಳಬಹುದಿತ್ತು. ಏಳಲಿಲ್ಲ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ಆಗ ಅದೂ ಆಗಲಿಲ್ಲ, ಕಾಲು ಜೋಮು ಹಿಡಿದದ್ದು ಮಾತ್ರ ನೆನಪಿದೆ.

ಸಾಕ್ಷಿಗೆ ಬಂದವರ ಬಸ್ಸಿನ ಖರ್ಚು ತನ್ನದೇ ಎಂದು ಅವ್ವಮ್ಮ ಮೊದಲೇ ಹೇಳಿದ್ದರು. ವಾಪಸು ಬರುವಾಗ ಅವರೇ ಮೂರು ಟಿಕೇಟು ತೆಗೆದರು. ರೈಗಳದ್ದನ್ನು ಅವರ ಕೈಗೆ ಕೊಟ್ಟು, ಮುಂದಿನ ಹೆಂಗಸರ ಸೀಟಿಗೆ ಹೋಗಿ ಕುಳಿತರು.

ಯಾರಾದರೂ ರೈಗಳನ್ನು ಹೆದರಿಸಿದ್ದರೇ? ಇಲ್ಲ. ಹಣ ಕೊಟ್ಟಿದ್ದರೇ? ಇಲ್ಲ. ಹಾಗೇನಾದರೂ ಆಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಒಂದು ವಾರದ ನಂತರ, ಕೇಳದೆಯೇ, ಅವರೇ ಹೇಳಿದರು.

"ಸುಳ್ಳು ಹೇಳ್ಲಿಕ್ಕೆ ಹೋದದ್ದಲ್ಲ ಮಾಷ್ಟ್ರೇ. ನಿಜ ಹೇಳ್ಬೇಕು ಅಂತ್ಲೇ ಹೋದದ್ದು. ಪತ್ರ ಕೈಗೆ ಬಂತು, ಹಣ ಸಂದದ್ದೇ ಅಂತ ಕೇಳಿದ್ರು, ಬಾಯಿ ಹೌದು ಹೇಳಿತು. ಒಂದಕ್ಕೆ ಹೌದು ಹೇಳಿ ಆದ ಮೇಲೆ ಉಳಿದದ್ದಕ್ಕೆ ಅಲ್ಲ ಹೇಳುವುದು ಹೇಗೆ? ಮತ್ತೆ ನನಗೆ ಎಂತದೂ ಆಗ್ಲಿಲ್ಲ. ಅದೇ ಸೋಜಿಗ. ಬೇಜಾರು ಸಹಾ ಆಗ್ಲಿಲ್ಲ. ಈಗಲೂ ಇಲ್ಲ. ಊಟ ಮಾಡ್ತೇನೆ, ನಿದ್ದೆ ಬರ್ತದೆ" ಎಂದರು.

ನೀಲಾವತಿ ಗಂಜಿಗೆ ಉಪ್ಪು ಸರಿ ಉಂಟಾ ಎಂದು ಕೇಳುವುದನ್ನು ಬಿಟ್ಟರು. ಅವ್ವಮ್ಮನ ಅರ್ಜಿ ವಜಾ ಆಯಿತು. ಮನೆಯ ಹಂಚು ಇಳಿಸುವ ದಿನ ಎರಡೂ ಸಂಸಾರಗಳ ಪಾತ್ರೆ ಪಡಗ ಒಂದೇ ಅಂಗಳದಲ್ಲಿ ರಾಶಿ ಬಿದ್ದಿದ್ದವು. ಯಾವುದು ಯಾರದ್ದೆಂದು ಇಬ್ಬರು ಹೆಂಗಸರೂ ಮಾತಿಲ್ಲದೆ ಬೇರೆ ಮಾಡಿಕೊಂಡರು. ಅವ್ವಮ್ಮ ಪಾಣೆಮಂಗಳೂರಿನಲ್ಲಿ ಅಣ್ಣನ ಮಗನ ಜಗಲಿಗೆ ಹೋದರು. ರೈಗಳು ಬಂಟ್ವಾಳದಲ್ಲಿ ಒಂದು ಕೋಣೆ ಹಿಡಿದರು, ಬಾಡಿಗೆ ನೂರ ಅರುವತ್ತು. ಅದನ್ನೂ ನಾನು ಬರೆದುಕೊಂಡೆ, ಪ್ರಬಂಧದ ಬಾಡಿಗೆಯ ಅಧ್ಯಾಯಕ್ಕೆ ಒಳ್ಳೆಯ ಉದಾಹರಣೆಯಾಯಿತು.

1985ರ ಕೊನೆಗೆ ಡಾಕ್ಟರೇಟು ಬಂತು. ಪ್ರಬಂಧದ ಒಂದು ಪ್ರತಿಯನ್ನು ರಟ್ಟು ಕಟ್ಟಿಸಿ, ರೈಗಳಿಗೆ ಕೊಡಲೆಂದು ಅವರ ಮೇಜಿಗೆ ಹೋದೆ. ಅಲ್ಲಿ ಅವ್ವಮ್ಮ ನಿಂತಿದ್ದರು. ಪಕ್ಕದಲ್ಲಿ ನಿಝಾಮುದ್ದೀನ್ ಎಂಬ ಯುವಕ, ಪಾಣೆಮಂಗಳೂರಿನ ಒಳ ಓಣಿಯಲ್ಲಿದ್ದ ತನ್ನ ಎರಡು ಕೋಣೆಯ ಮನೆಯನ್ನು ಅವರಿಗೆ ಮಾರುತ್ತಿದ್ದ. ಹದಿನಾರೂವರೆ ಸಾವಿರ. ಪರಿಹಾರದ ಹಣಕ್ಕೆ ಕೂಡಿಸಿದ್ದು ಎಲ್ಲಿಂದ ಎಂದು ಕೇಳಬೇಕಾಗಿರಲಿಲ್ಲ. ಅವ್ವಮ್ಮನ ಕಿವಿಯಲ್ಲಿ ಅಲಿಕತ್ತು ಇರಲಿಲ್ಲ, ಸಾಲು ತೂತುಗಳು ಮಾತ್ರ ಇದ್ದವು. ಬೇರೆ ಯಾರಿಂದಲಾದರೂ ಪತ್ರ ಬರೆಸಬಹುದಿತ್ತಲ್ಲ ಎಂದು ನನಗನ್ನಿಸಿತು. ಆದರೆ ಅವರಿಗೆ ಗೊತ್ತಿದ್ದ ಪತ್ರ ಬರೆಯುವವರು ಇವರೊಬ್ಬರೇ.

ರೈಗಳು ಹಿಂದಿನ ದಿನವೇ ಹೋಗಿ ಆ ಮನೆಯ ಸುತ್ತ ನಡೆದು ಬಂದಿದ್ದರು. ನಾಲ್ಕು ಗಡಿಗಳನ್ನೂ ಬರೆದು ಮುಗಿಸಿ, ಲೇಖನಿ ಎತ್ತಿ ಹಿಡಿದು, ಅಷ್ಟು ವರ್ಷಗಳಲ್ಲಿ ನಾನು ಅವರ ಬಾಯಿಂದ ಒಮ್ಮೆಯೂ ಕೇಳದ ಮಾತನ್ನು ಹೇಳಿದರು.

"ಅವ್ವಮ್ಮ, ಇದನ್ನು ಪೂರ್ತಿ ಬರೆಯುವ. ಸರೀ ಕ್ರಯ."

"ಕಾಗದಕ್ಕೆ ಎಷ್ಟು ಆಗ್ತದೆ ಆಗ?"

ಹೇಳಿದರು.

"ನನ್ನ ಹತ್ರ ಅಷ್ಟು ಇಲ್ಲ ರೈಗಳೇ. ಮೂರಕ್ಕೊಂದು ಬರೀರಿ."

"ಉಳಿದದ್ದು ನಾನು ಹಾಕ್ತೇನೆ."

"ಬೇಡ" ಎಂದರು ಅವ್ವಮ್ಮ. ಸಿಟ್ಟಿನಿಂದ ಹೇಳಿದ್ದೂ ಅಲ್ಲ.

ರೈಗಳು ಐದೂವರೆ ಸಾವಿರ ಎಂದು ಬರೆದರು, ಅಂಕಿಯಲ್ಲೂ ಅಕ್ಷರದಲ್ಲೂ. ಎಲ್ಲರೂ ಒಳಗೆ ಹೋದೆವು. ಅಧಿಕಾರಿ ಹೊಸಬರು, ಪ್ರತಿಯೊಬ್ಬರನ್ನೂ ಕೇಳುವವರು. ನಿಝಾಮುದ್ದೀನನನ್ನು ಕೇಳಿದರು, ಹೌದು ಎಂದ. ಆಮೇಲೆ ಅವ್ವಮ್ಮನ ಕಡೆ ತಿರುಗಿ, "ನೀವು ಕೊಟ್ಟದ್ದು ಇಷ್ಟೇ ಹಣವಾ?" ಎಂದರು. ಬೆನ್ನ ಹಿಂದೆ, ತಮ್ಮ ಎಂದಿನ ಜಾಗದಲ್ಲಿ ರೈಗಳು ನಿಂತಿದ್ದರು. ಅವರ ಬಾಯಿ ತೆರೆದದ್ದನ್ನು ನಾನು ನೋಡಿದೆ. ಮಾತು ಹೊರಡಲಿಲ್ಲ. ಅವ್ವಮ್ಮ ಕಾಯಲಿಲ್ಲ, ಹಿಂತಿರುಗಿಯೂ ನೋಡಲಿಲ್ಲ.

"ಹೌದು, ಸರಿ ಉಂಟು" ಎಂದರು, ಕೋರ್ಟಿನಲ್ಲಿ ರೈಗಳು ಹೇಳಿದ ಅದೇ ದನಿಯಲ್ಲಿ.

ಅದಾದ ಮೇಲೆ ಮುಂಡಪ್ಪ ರೈಗಳು ಲೇಖನಿ ಮುಟ್ಟಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಹಾಗೇನೂ ಆಗಲಿಲ್ಲ. ಅದೇ ದಿನ ಊಟದ ಹೊತ್ತಿನೊಳಗೆ ಇನ್ನೆರಡು ಪತ್ರ ಬರೆದರು. ನಾನು ಬದಿಯ ಬೆಂಚಿನಲ್ಲಿ ಕುಳಿತಿದ್ದೆ. ಪ್ರಬಂಧ ಮುಗಿದು, ರಟ್ಟು ಕಟ್ಟಿಸಿಕೊಂಡು ಅವರ ಮೇಜಿನ ಮೇಲೇ ಇತ್ತು. ಆದರೂ ನನ್ನ ಕೈ ಚೀಲದೊಳಗೆ ಹೋಗಿ ಹಳೆಯ ನೋಟ್ ಪುಸ್ತಕವನ್ನು ಹೊರಗೆ ತೆಗೆಯಿತು.

"ಅವ್ವಮ್ಮನ ಮನೆ" ಎಂದೆ.

ರೈಗಳು ಬರೆಯುತ್ತಿದ್ದ ಹಾಳೆಯಿಂದ ತಲೆ ಎತ್ತಲಿಲ್ಲ. "ಕಾಗದದಲ್ಲಿ ಐದೂವರೆ. ಕೈಯಲ್ಲಿ ಹದಿನಾರೂವರೆ."

ನಾನು ಎರಡನ್ನೂ ಬರೆದುಕೊಂಡೆ.